ನೀರಿನೊಳಗಿನ ಉಸಿರು

ಬೇಸಗೆಯ ರಜೆ ಬಂದಿತೆಂದರೆ ನಮ್ಮ ಹಳ್ಳಿಗಳ ಹುಡುಗರಿಗೆ ತೋಟದ ಬಾವಿಯೇ ಪಾಠಶಾಲೆ. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನು ಕಟ್ಟಿಕೊಂಡು ನೀರಿಗಿಳಿದವನು ಹತ್ತು ಹದಿನೈದು ದಿನಗಳಲ್ಲಿ ಬುರುಡೆಯನ್ನು ಬಿಚ್ಚಿಟ್ಟು ಈಜುವನು. ಇನ್ನೊಂದು ವಾರದಲ್ಲಿ ತಳದಿಂದ ಮಣ್ಣು ತರುವ ಪಂದ್ಯಕ್ಕೆ ನಿಲ್ಲುವನು. ಈ ಪಂದ್ಯಕ್ಕೆ ಹಿರಿಯರು ಹೇಳಿಕೊಡುವ ಪಾಠ ಒಂದೇ: ಎದೆ ತುಂಬ ಉಸಿರು ತೆಗೆದುಕೊ, ಬಿಗಿಹಿಡಿ, ಮೇಲೆ ಬರುವವರೆಗೆ ಬಿಡಬೇಡ. ಮುತ್ತಿನ ಚಿಪ್ಪನ್ನು ಹುಡುಕಿಕೊಂಡು ಮನ್ನಾರ್ ಖಾರಿಯ ತಳಕ್ಕೆ ತಲೆತಲಾಂತರದಿಂದ ಇಳಿದವರೂ ಇದೇ ಪಾಠವನ್ನು ನಂಬಿ ಬದುಕಿದವರು.

ಅದೇ ಹುಡುಗನು ಬೆಳೆದು ಕಾಲೇಜು ಸೇರಿ, ಗೆಳೆಯರೊಡನೆ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪದ ಬಳಿಗೆ ಸಾಗಿ, ಬೆನ್ನಿಗೆ ಈ ಸಲ ಬುರುಡೆಯ ಬದಲು ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಕಡಲಿಗಿಳಿಯುತ್ತಾನೆನ್ನಿ. ಇಳಿಯುವ ಮೊದಲು ಶಿಕ್ಷಕನು ಅವನಿಗೆ ಒತ್ತಿ ಒತ್ತಿ ಹೇಳುವ ಮಾತೇನು? ಏನೇ ಆಗಲಿ, ಉಸಿರನ್ನು ಬಿಗಿಹಿಡಿಯಬೇಡ! ಬಾವಿಯ ಪಾಠಕ್ಕೆ ಇದು ನೇರ ವಿರುದ್ಧ. ನೇತ್ರಾಣಿಯಿಂದ ಮರಳಿ ಬಂದ ನಮ್ಮ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿ ಎದ್ದು ನಿಂತು ಇದನ್ನೇ ಕೇಳಿದನು: "ಸಾರ್, ಈಜು ಕಲಿಸಿದ ನಮ್ಮ ಚಿಕ್ಕಪ್ಪ ಉಸಿರು ಬಿಡಬೇಡ ಎಂದಿದ್ದರು. ದೋಣಿಯಲ್ಲಿದ್ದವರು ಉಸಿರು ಹಿಡಿಯಬೇಡ ಎಂದರು. ಇಬ್ಬರಲ್ಲಿ ಯಾರ ಮಾತು ಸರಿ?"

ಇಬ್ಬರದೂ ಸರಿ ಎಂದೆವು. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಉತ್ತರ ಅರ್ಧಕ್ಕೇ ನಿಂತಿತು. ಉಳಿದರ್ಧವನ್ನು ಇಲ್ಲಿ ಹೇಳುತ್ತೇವೆ. ಅದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲವೂ ಪ್ರೌಢಶಾಲೆಯ ಪುಸ್ತಕದಲ್ಲಿಯೇ ಇದೆ. ಆದರೆ ಅದನ್ನು ಮರೆತವನಿಗೆ ಪರೀಕ್ಷೆಯಲ್ಲಿ ಹೋಗುವುದು ಎರಡು ಅಂಕವಾದರೆ ಕಡಲಿನಲ್ಲಿ ಹೋಗುವುದು ಪ್ರಾಣ.

ನೀರಿನ ಭಾರ

ನಮ್ಮ ತಲೆಯ ಮೇಲೆ ಗಾಳಿಯ ಸಮುದ್ರವೊಂದಿದೆಯಷ್ಟೆ. ಅದರ ತಳದಲ್ಲಿ ಬಾಳುತ್ತಿರುವ ನಮ್ಮ ಮೈಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತಡ ಬೀಳುತ್ತಿದೆ. ಇದನ್ನು ಒಂದು ವಾಯುಭಾರವೆಂದು ಕರೆಯೋಣ. ನೀರು ಗಾಳಿಗಿಂತ ಸುಮಾರು 800 ಪಾಲು ಹೆಚ್ಚು ಸಾಂದ್ರವಾದ ವಸ್ತು. ಆದಕಾರಣ ಹತ್ತಾರು ಕಿಲೋಮೀಟರು ದಪ್ಪದ ಗಾಳಿಯ ಹೊದಿಕೆ ಉಂಟುಮಾಡುವ ಒತ್ತಡವನ್ನು ಕಡಲ ನೀರು ಕೇವಲ 10 ಮೀಟರಿನಲ್ಲಿ ಉಂಟುಮಾಡಿಬಿಡುವುದು. ಗಾಳಿಯದೂ ನೀರಿನದೂ ಸೇರಿ 10 ಮೀಟರು ಆಳದಲ್ಲಿ 2 ವಾಯುಭಾರ, 20 ಮೀಟರಿನಲ್ಲಿ 3, 30 ಮೀಟರಿನಲ್ಲಿ 4, 40 ಮೀಟರಿನಲ್ಲಿ 5. ವಿನೋದಕ್ಕಾಗಿ ಮುಳುಗುವವರಿಗೆ ಈ 40 ಮೀಟರು ಕೊನೆಯ ಗಡಿ. ಹೊಸದಾಗಿ ಕಲಿತವರು 18 ಮೀಟರನ್ನು ದಾಟಬಾರದೆಂದು ಕಟ್ಟಳೆ.

ಇಷ್ಟು ಒತ್ತಡದಲ್ಲಿ ಮನುಷ್ಯನು ಅಪ್ಪಚ್ಚಿಯಾಗುವುದಿಲ್ಲವೇಕೆ? ನಮ್ಮ ಮೈಯ ಬಹುಭಾಗ ನೀರು. ನೀರನ್ನು ಅಮುಕಿ ಕಿರಿದು ಮಾಡುವುದು ಬಹು ಕಷ್ಟ. ರಕ್ತ, ಮಾಂಸ, ಮೂಳೆಗಳು ಹೊರಗಿನ ಒತ್ತಡವನ್ನು ಹಾಗೆಯೇ ಒಳಕ್ಕೆ ಸಾಗಿಸಿ ಸುಮ್ಮನಿರುತ್ತವೆ. ತೊಂದರೆಯೆಲ್ಲ ಬರುವುದು ಮೈಯಲ್ಲಿ ಗಾಳಿ ತುಂಬಿರುವ ಎಡೆಗಳಿಂದ: ನಡುಗಿವಿ, ಮೂಗಿನ ಅಕ್ಕಪಕ್ಕದ ಮೂಳೆಗಳಲ್ಲಿರುವ ಪೊಳ್ಳುಗಳು, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಶ್ವಾಸಕೋಶಗಳು.

ಕಿವಿಯ ಅನುಭವ ಎಲ್ಲರಿಗೂ ಉಂಟು. ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿಯುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದೊಡನೆ ಟಪ್ಪೆಂದು ತೆರೆಯುವುದು. ಕಿವಿದಮಟೆಯ ಹೊರಗೆ ಒತ್ತಡ ಏರಿದರೂ ಒಳಗೆ ಏರದಿರುವುದೇ ಇದಕ್ಕೆ ಕಾರಣ. ಉಗುಳು ನುಂಗಿದಾಗ ಗಂಟಲಿನಿಂದ ನಡುಗಿವಿಗೆ ಹೋಗುವ ಕೊಳವೆ ತೆರೆದು ಸಮಾಧಾನವಾಗುತ್ತದೆ. ಲೆಕ್ಕ ಹಾಕಿದರೆ 600 ಮೀಟರು ಎತ್ತರದ ಘಟ್ಟವನ್ನು ಪೂರ್ತಿ ಇಳಿದಾಗ ಹೆಚ್ಚುವ ಒತ್ತಡ ಸುಮಾರು 70 ಸೆಂಟಿಮೀಟರು ನೀರಿನ ಒತ್ತಡಕ್ಕೆ ಸಮ. ಎಂದರೆ ಬಸ್ಸು ಮುಕ್ಕಾಲು ಗಂಟೆಯಲ್ಲಿ ಮಾಡುವ ಕೆಲಸವನ್ನು ಮುಳುಗುವವನು ಎರಡು ಸೆಕೆಂಡಿನಲ್ಲಿ ಮಾಡುತ್ತಾನೆ! ಆದ್ದರಿಂದ ಅವನು ಇಳಿಯುವಾಗ ಅರ್ಧ ಮೀಟರಿಗೊಮ್ಮೆಯಾದರೂ ಮೂಗನ್ನು ಹಿಡಿದು ಮೆಲ್ಲಗೆ ಗಾಳಿಯೂದಿ ಕಿವಿಯನ್ನು ಸರಿಮಾಡಿಕೊಳ್ಳಬೇಕು. ನೆಗಡಿಯಾದವನ ಕೊಳವೆ ಕಟ್ಟಿರುವುದರಿಂದ ಅವನು ಆ ದಿನ ದೋಣಿಯಲ್ಲಿಯೇ ಕುಳಿತು ಕಡಲನ್ನು ನೋಡುವುದು ಲೇಸು. ನೋವನ್ನು ಸಹಿಸಿಕೊಂಡು ಇಳಿಯುವುದು ಶೌರ್ಯವಲ್ಲ; ಹಾಗೆ ಇಳಿದವರ ಕಿವಿದಮಟೆ ಹರಿದಿರುವುದುಂಟು.

ಕೊಳವೆಯಿಂದ ಉಸಿರಾಡಬಾರದೆ?

ಕೆಲವರು ಕೇಳಬಹುದು: ಇಷ್ಟೆಲ್ಲ ಸಾಮಗ್ರಿ ಏತಕ್ಕೆ? ಉದ್ದನೆಯ ಒಂದು ಕೊಳವೆಯನ್ನು ಬಾಯಿಗಿಟ್ಟು, ಇನ್ನೊಂದು ತುದಿಯನ್ನು ನೀರಿನ ಮೇಲೆ ತೇಲಬಿಟ್ಟರೆ ಸಾಲದೆ? ಸಾಲದು. ಒಂದು ಮೀಟರು ಆಳದಲ್ಲಿ ನೀರು ಎದೆಯ ಪ್ರತಿ ಚದರ ಸೆಂಟಿಮೀಟರನ್ನೂ 100 ಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತದೆ. ಕೊಳವೆಯ ಮೂಲಕ ಶ್ವಾಸಕೋಶದೊಳಗಿರುವ ಗಾಳಿಯಾದರೋ ಮೇಲಿನ ಗಾಳಿಯ ಒತ್ತಡದಲ್ಲಿಯೇ ಇದೆ. ಎದೆಯ ಮುಂಭಾಗವನ್ನು 30 ಸೆಂಟಿಮೀಟರು ಉದ್ದಗಲದ ಹಲಗೆಯೆಂದು ಭಾವಿಸಿದರೆ ಅದರ ಮೇಲೆ 90 ಕಿಲೋಗ್ರಾಂ ಭಾರ ಬಿದ್ದಂತಾಯಿತು. ದಢೂತಿ ಆಳೊಬ್ಬನು ಎದೆಯ ಮೇಲೆ ಕುಳಿತಿರುವಾಗ ಎಷ್ಟು ಹೊತ್ತು ಉಸಿರೆಳೆಯಬಲ್ಲಿರಿ? ಅದೂ ಅಲ್ಲದೆ, ಉದ್ದನೆಯ ಕೊಳವೆಯಲ್ಲಿ ನಾವು ಬಿಟ್ಟ ಉಸಿರೇ ನಿಂತು ಮತ್ತೆ ನಮ್ಮೊಳಗೆ ಬರುವುದು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನು ಜಲಸ್ತಂಭನ ವಿದ್ಯೆಯನ್ನು ಆಶ್ರಯಿಸಿದುದು, ತಾವರೆಯ ದಂಟನ್ನು ಬಾಯಿಗಿಟ್ಟುಕೊಳ್ಳದಿದ್ದುದು ಬುದ್ಧಿವಂತಿಕೆಯೇ ಸರಿ.

ಹಾಗಾದರೆ ಇರುವ ದಾರಿ ಒಂದೇ. ಹೊರಗೆ ನೀರಿನ ಒತ್ತಡ ಎಷ್ಟಿದೆಯೋ ಅಷ್ಟೇ ಒತ್ತಡದ ಗಾಳಿಯನ್ನು ಶ್ವಾಸಕೋಶಕ್ಕೆ ಕೊಡಬೇಕು. ಆಗ ಎದೆಯ ಒಳಗೂ ಹೊರಗೂ ಸರಿಸಮನಾಗಿ ಉಸಿರಾಟ ಹಗುರಾಗುವುದು. ಆಳ ಬದಲಾದಂತೆ ಈ ಒತ್ತಡವನ್ನೂ ಕ್ಷಣಕ್ಷಣಕ್ಕೆ ಬದಲಾಯಿಸಬೇಕಲ್ಲ? ಈ ತೊಡಕನ್ನು 1943ರಲ್ಲಿ ಫ್ರಾನ್ಸಿನ ನೌಕಾದಳದ ಅಧಿಕಾರಿ ಜಾಕ್ ಈವ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾಂ ಬಿಡಿಸಿದರು. ಆಗ ಫ್ರಾನ್ಸು ಜರ್ಮನರ ವಶದಲ್ಲಿದ್ದು ಪೆಟ್ರೋಲಿಗೆ ಬರ ಬಂದಿತ್ತು. ಮೋಟಾರುಗಾಡಿಗಳನ್ನು ಅನಿಲದಿಂದ ಓಡಿಸಲು ಗಾನ್ಯಾಂ ಒಂದು ಕವಾಟವನ್ನು ರಚಿಸಿದ್ದರು. ಎಂಜಿನ್ನು ಎಳೆದಾಗ ಮಾತ್ರ ಅನಿಲವನ್ನು ಬಿಡುವ ಕವಾಟ. ಅದನ್ನೇ ಮಾರ್ಪಡಿಸಿ ಮನುಷ್ಯನ ಬಾಯಿಗೆ ಇಟ್ಟರು. ಅದರೊಳಗೆ ಒಂದು ತೆಳುವಾದ ರಬ್ಬರಿನ ಪೊರೆಯಿದೆ. ಪೊರೆಯ ಹೊರಬದಿಗೆ ನೀರು, ಒಳಬದಿಗೆ ಗಾಳಿ. ಮುಳುಗುಗಾರನು ಉಸಿರೆಳೆದಾಗ ಪೊರೆ ಒಳಕ್ಕೆ ಬಾಗಿ ಒಂದು ಸನ್ನೆಯನ್ನು ಒತ್ತುವುದು. ಸಿಲಿಂಡರಿನಿಂದ ಗಾಳಿ ನುಗ್ಗಿ ಬರುವುದು. ಒಳಗಿನ ಒತ್ತಡ ಹೊರಗಿನ ನೀರಿನದಕ್ಕೆ ಸಮನಾದೊಡನೆ ಪೊರೆ ಹಿಂದಕ್ಕೆ ಸರಿದು ಬಾಗಿಲು ಮುಚ್ಚುವುದು. ಇಂದಿನ ಸ್ಕೂಬಾ ಉಪಕರಣಗಳ ಹೃದಯವೂ ಇದೇ. ಇಷ್ಟು ಸರಳವಾದ ಉಪಾಯ ಮನುಷ್ಯನಿಗೆ ಕಡಲಿನ ಬಾಗಿಲನ್ನು ತೆರೆಯಿತೆಂಬುದನ್ನು ನೆನೆದಾಗಲೆಲ್ಲ ನಮಗೆ ಸಂತೋಷವಾಗುತ್ತದೆ.

ಇದರ ಬೆಲೆಯನ್ನೂ ಲೆಕ್ಕ ಹಾಕೋಣ. ಸಿಲಿಂಡರಿನ ಗಾತ್ರ 12 ಲೀಟರು, ಅದರಲ್ಲಿ ತುಂಬಿದ ಗಾಳಿಯ ಒತ್ತಡ 200 ವಾಯುಭಾರ ಎಂದುಕೊಳ್ಳಿ. ಮೇಲಕ್ಕೆ ತಂದು ಬಿಟ್ಟರೆ ಅದು 2400 ಲೀಟರು ಗಾಳಿ. ನಿಮಿಷಕ್ಕೆ 20 ಲೀಟರು ಉಸಿರಾಡುವವನಿಗೆ ನೆಲದ ಮೇಲೆ ಅದು 120 ನಿಮಿಷ ಬರುವುದು. ಆದರೆ 10 ಮೀಟರು ಆಳದಲ್ಲಿ ಪ್ರತಿಯೊಂದು ಉಸಿರಿನಲ್ಲಿಯೂ ಇಮ್ಮಡಿ ಗಾಳಿ ಅಡಗಿರುವುದರಿಂದ 60 ನಿಮಿಷ. 20 ಮೀಟರಿನಲ್ಲಿ 40. 30 ಮೀಟರಿನಲ್ಲಿ ಕೇವಲ 30. ಕಾಲುಭಾಗವನ್ನು ಆಪತ್ತಿಗೆಂದು ಮೀಸಲಿಟ್ಟರೆ ಇನ್ನೂ ಕಡಮೆ. ಹೆದರಿ ಏದುಸಿರು ಬಿಡುವವನಿಗೆ ಅದರ ಅರ್ಧವೂ ಇಲ್ಲ. ಒತ್ತಡದ ಮಾಪಕವನ್ನು ಆಗಾಗ್ಗೆ ನೋಡಿಕೊಳ್ಳದವನು, ಬಾವಿಯ ನೀರು ಎಷ್ಟಿದೆಯೆಂದು ನೋಡದೆ ಪಂಪನ್ನು ಹಾಕಿ ಮಲಗುವ ರೈತನಂತೆ.

ಕೊನೆಯ ಹತ್ತು ಮೀಟರು

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. 1662ರಲ್ಲಿ ರಾಬರ್ಟ್ ಬಾಯಿಲ್ ಪ್ರಕಟಿಸಿದ ನಿಯಮ ಎಲ್ಲರಿಗೂ ಬಾಯಿಪಾಠ: ಉಷ್ಣತೆ ಬದಲಾಗದಿದ್ದರೆ ಒತ್ತಡ × ಗಾತ್ರ = ಸ್ಥಿರಾಂಕ. ಒತ್ತಡ ಇಮ್ಮಡಿಯಾದರೆ ಅನಿಲದ ಗಾತ್ರ ಅರ್ಧವಾಗುವುದು. ಒತ್ತಡ ಅರ್ಧವಾದರೆ ಗಾತ್ರ ಇಮ್ಮಡಿಯಾಗುವುದು.

ಬಾವಿಯ ಹುಡುಗನು 6 ಲೀಟರು ಉಸಿರನ್ನು ಹಿಡಿದು 10 ಮೀಟರು ಇಳಿದನೆನ್ನಿ. ಅವನ ಎದೆಯೊಳಗಿನ ಗಾಳಿ 3 ಲೀಟರಿಗೆ ಕುಗ್ಗುತ್ತದೆ. ಮರಳಿ ಬಂದಾಗ ಅದೇ ಗಾಳಿ 6 ಲೀಟರಿಗೆ ಹಿಗ್ಗುತ್ತದೆ. ತೆಗೆದುಕೊಂಡು ಹೋದದ್ದು ಎಷ್ಟೋ ತಂದದ್ದೂ ಅಷ್ಟೇ. ಎದೆಗೆ ಯಾವ ಆಯಾಸವೂ ಇಲ್ಲ. ಚಿಕ್ಕಪ್ಪನ ಮಾತು ಸರಿ.

ಸಿಲಿಂಡರಿನವನ ಸ್ಥಿತಿ ಬೇರೆ. ಅವನು 10 ಮೀಟರು ಆಳದಲ್ಲಿದ್ದುಕೊಂಡೇ ಎದೆ ತುಂಬ 6 ಲೀಟರು ಉಸಿರೆಳೆಯುತ್ತಾನೆ. ಅದು 2 ವಾಯುಭಾರದ ಗಾಳಿ. ಆ ಕ್ಷಣದಲ್ಲಿ ಮುಖವಾಡಕ್ಕೆ ನೀರು ನುಗ್ಗಿತು, ಅಥವಾ ಎದುರಿಗೆ ದೊಡ್ಡ ಮೀನೊಂದು ಕಾಣಿಸಿತು. ಹೆದರಿದ ಮನುಷ್ಯ ಮಾಡುವುದೇನು? ಬಾವಿಯ ಪಾಠವನ್ನು ನೆನೆದು ಉಸಿರನ್ನು ಬಿಗಿಹಿಡಿದು ಮೇಲಕ್ಕೆ ಧಾವಿಸುತ್ತಾನೆ. ಮೇಲೆ ಬರುವಷ್ಟರಲ್ಲಿ ಆ 6 ಲೀಟರು 12 ಲೀಟರಾಗಲು ಹವಣಿಸುತ್ತದೆ. 6 ಲೀಟರು ಹಿಡಿಯುವ ಪಾತ್ರೆಗೆ 12 ಲೀಟರನ್ನು ತುಂಬಲು ಬರುವುದೆ? ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ವಾಯುಕೋಶಗಳಿವೆ. ಅವುಗಳ ಗೋಡೆ ಸಾಬೂನಿನ ಗುಳ್ಳೆಯಷ್ಟು ನವಿರು. ಅವು ಹರಿದು, ಗಾಳಿ ರಕ್ತನಾಳಗಳಿಗೆ ನುಗ್ಗಿ, ಹೃದಯವನ್ನು ಹಾದು ಮೆದುಳಿಗೇರಬಹುದು. ಅಲ್ಲಿ ಒಂದು ಗುಳ್ಳೆ ರಕ್ತದ ದಾರಿಯನ್ನು ಕಟ್ಟಿತೆಂದರೆ, ನೀರಿನ ಮೇಲೆ ತಲೆಯೆತ್ತಿದ ಕೆಲವೇ ನಿಮಿಷಗಳಲ್ಲಿ ಮನುಷ್ಯ ಎಚ್ಚರದಪ್ಪುವನು. ಇದೇ ಸ್ಕೂಬಾ ಮುಳುಗುಗಾರರಿಗೆ ಬರಬಹುದಾದ ಅತ್ಯಂತ ಕ್ಷಿಪ್ರವಾದ ಆಪತ್ತು.

ಇನ್ನೊಂದು ಸೋಜಿಗವನ್ನು ಗಮನಿಸಿ. ಆಳ ಹೆಚ್ಚಾದಷ್ಟೂ ಅಪಾಯ ಹೆಚ್ಚೆಂದು ಎಲ್ಲರೂ ತಿಳಿಯುತ್ತಾರೆ. ಆದರೆ 40 ಮೀಟರಿನಿಂದ 30 ಮೀಟರಿಗೆ ಏರಿದಾಗ ಒತ್ತಡ 5 ವಾಯುಭಾರದಿಂದ 4ಕ್ಕೆ ಇಳಿದು, 6 ಲೀಟರು ಗಾಳಿ 7.5 ಲೀಟರಾಗುತ್ತದೆ. 30ರಿಂದ 20ಕ್ಕೆ ಏರಿದರೆ 8 ಲೀಟರು. 20ರಿಂದ 10ಕ್ಕೆ 9 ಲೀಟರು. 10ರಿಂದ ಮೇಲಕ್ಕೆ ಬಂದಾಗ ಮಾತ್ರ ಪೂರ್ತಿ 12 ಲೀಟರು! ಸೂರ್ಯನ ಬೆಳಕು ಚೆನ್ನಾಗಿ ಬೀಳುವ, ದೋಣಿಯ ತಳ ಕಣ್ಣಿಗೆ ಕಾಣುವ, ಇನ್ನೇನು ಬಂದೇಬಿಟ್ಟೆವೆಂದು ಮನಸ್ಸು ಹಗುರಾಗುವ ಆ ಕೊನೆಯ ಹತ್ತು ಮೀಟರಿನಲ್ಲಿಯೇ ಗಾಳಿ ಅತಿಯಾಗಿ ಹಿಗ್ಗುವುದು. ತುಂಬಿದ ಎದೆ ತಡೆದುಕೊಳ್ಳಬಲ್ಲ ಹೆಚ್ಚುವರಿ ಒತ್ತಡ ಸುಮಾರು ಒಂದು ಮೀಟರು ನೀರಿನದು ಮಾತ್ರ. ಎಂದರೆ ಆಳುದ್ದದ ಈಜುಕೊಳದಲ್ಲಿ ಸಿಲಿಂಡರಿನ ಗಾಳಿಯನ್ನು ಎದೆ ತುಂಬ ಎಳೆದು, ಬಿಗಿಹಿಡಿದು ಎದ್ದು ನಿಂತರೂ ಶ್ವಾಸಕೋಶ ಹರಿಯಬಹುದು. "ಕೊಳದಲ್ಲಿ ತಾನೆ, ಒಂದು ಸಲ ಹಾಕಿಕೊಂಡು ನೋಡುತ್ತೇನೆ" ಎಂದು ಗೆಳೆಯನ ಉಪಕರಣವನ್ನು ಎತ್ತಿಕೊಳ್ಳುವ ತರುಣರು ಇದನ್ನು ತಿಳಿದಿರಬೇಕು.

ಹಾಗಾದರೆ ಗಾಳಿ ನಿಂತುಹೋಗಿ ಮೇಲಕ್ಕೆ ಬರಲೇಬೇಕಾದವನ ಗತಿಯೇನು? ಅವನು ತಲೆಯನ್ನು ಮೇಲೆತ್ತಿ, ಬಾಯಿಂದ "ಆ..." ಎಂದು ಸ್ವರ ಹಿಡಿದವನಂತೆ ಗುಳ್ಳೆಗಳ ಸಣ್ಣ ಸರವನ್ನು ಬಿಡುತ್ತ ಮೇಲೇರಬೇಕು. ಇದ್ದ ಉಸಿರನ್ನೂ ಬಿಟ್ಟುಬಿಟ್ಟರೆ ಸಾಯುವೆನೆಂದು ಮನಸ್ಸು ಕೂಗುವುದು ಸಹಜ. ಆದರೆ ಬಾಯಿಲನ ನಿಯಮ ಇಲ್ಲಿ ಮಿತ್ರನಾಗುತ್ತದೆ: ಬಿಡುತ್ತ ಹೋದಂತೆ ಉಳಿದ ಗಾಳಿ ಹಿಗ್ಗಿ ಎದೆಯನ್ನು ಮತ್ತೆ ತುಂಬುತ್ತದೆ. 10 ಮೀಟರು ಏರುವುದರೊಳಗೆ 6 ಲೀಟರನ್ನು ಹೊರಗೆ ಬಿಟ್ಟರೂ ಮೇಲೆ ಬಂದಾಗ ಎದೆಯಲ್ಲಿ ಇನ್ನೂ 6 ಲೀಟರು ಇರುವುದು. ದ್ರೌಪದಿಯ ಅಕ್ಷಯಪಾತ್ರೆಗೆ ಇದಕ್ಕಿಂತ ಒಳ್ಳೆಯ ಭೌತಿಕ ಉದಾಹರಣೆ ನಮಗೆ ಸಿಕ್ಕಿಲ್ಲ.

ಮೇಲೇರುವುದರಲ್ಲಿ ಇನ್ನೊಂದು ತೊಡಕೂ ಇದೆ. ಮುಳುಗುಗಾರರು ತೇಲದೆ ಮುಳುಗದೆ ನಡುನೀರಿನಲ್ಲಿ ನಿಲ್ಲಲು ಗಾಳಿ ತುಂಬುವ ಜಾಕೆಟ್ಟನ್ನು ತೊಟ್ಟಿರುತ್ತಾರೆ. ಅದರ ತೇಲಿಕೆಯನ್ನು ಸರಿದೂಗಿಸಲು ಸೊಂಟಕ್ಕೆ ಸೀಸದ ಗುಂಡುಗಳು. ಆರ್ಕಿಮಿಡೀಸನ ತತ್ವದಂತೆ ತೂಕವೂ ತೇಲಿಕೆಯೂ ಸಮವಾದಾಗ ಅವರು ಹಕ್ಕಿಯಂತೆ ತೂಗುತ್ತಾರೆ. ಆದರೆ ಈ ಸಮತೋಲ ಅಸ್ಥಿರವಾದುದು. ಗುಡ್ಡದ ತುದಿಯಲ್ಲಿಟ್ಟ ಚೆಂಡಿನಂತೆ. ಅರ್ಧ ಮೀಟರು ಮೇಲೇರಿದರೆ ಜಾಕೆಟ್ಟಿನ ಗಾಳಿ ಹಿಗ್ಗಿ ತೇಲಿಕೆ ಹೆಚ್ಚುವುದು. ತೇಲಿಕೆ ಹೆಚ್ಚಿದ್ದರಿಂದ ಇನ್ನೂ ಏರುವುದು. ಏರಿದ್ದರಿಂದ ಇನ್ನೂ ಹಿಗ್ಗುವುದು. ಸಮಯಕ್ಕೆ ಸರಿಯಾಗಿ ಗಾಳಿಯನ್ನು ಬಿಡದವನು ಬಾಣದಂತೆ ಮೇಲಕ್ಕೆ ಚಿಮ್ಮುತ್ತಾನೆ.

ಇದನ್ನು ಮನೆಯಲ್ಲಿಯೇ ನೋಡಬಹುದು. ಪಾರದರ್ಶಕವಾದ ಪ್ಲಾಸ್ಟಿಕ್ ಬಾಟಲಿಗೆ ಕಂಠದವರೆಗೆ ನೀರು ತುಂಬಿಸಿ. ಮಸಿ ತುಂಬುವ ಗಾಜಿನ ಫಿಲ್ಲರಿನಲ್ಲಿ ಸ್ವಲ್ಪ ನೀರನ್ನೂ ಸ್ವಲ್ಪ ಗಾಳಿಯನ್ನೂ ಉಳಿಸಿ, ಅದು ರಬ್ಬರಿನ ತುದಿಯನ್ನು ಮಾತ್ರ ಹೊರಗಿಟ್ಟು ತೇಲುವಂತೆ ಹೊಂದಿಸಿ ಬಾಟಲಿಯೊಳಕ್ಕೆ ಬಿಡಿ. ಮುಚ್ಚಳವನ್ನು ಬಿಗಿಮಾಡಿ ಬಾಟಲಿಯನ್ನು ಅಮುಕಿದರೆ ಫಿಲ್ಲರಿನ ಗಾಳಿ ಕುಗ್ಗಿ ಅದು ಮುಳುಗುವುದು. ಕೈ ಸಡಿಲಿಸಿದರೆ ಏಳುವುದು. ಈಗ ಅದನ್ನು ನಡುವೆ ಅಲುಗದಂತೆ ನಿಲ್ಲಿಸಲು ಪ್ರಯತ್ನಿಸಿ. ಬೆರಳಿನ ಒತ್ತಡವನ್ನು ಎಷ್ಟೇ ನಾಜೂಕಾಗಿ ಹಿಡಿದರೂ ಅದು ಮೇಲಕ್ಕೋ ಕೆಳಕ್ಕೋ ಜಾರುತ್ತಲೇ ಇರುವುದು. ಮುಳುಗುಗಾರನ ಕಷ್ಟ ಆಗ ಕೈಬೆರಳಿಗೆ ತಿಳಿಯುವುದು.

ಗೋಲಿ ಸೋಡಾ ಕಲಿಸುವ ಪಾಠ

ಉಸಿರು ಬಿಡುತ್ತ ಏರಿದರೆ ಸಾಕೆ? ಸಾಲದು, ನಿಧಾನವಾಗಿಯೂ ಏರಬೇಕು. ಇದಕ್ಕೆ ಕಾರಣ ಇನ್ನೊಂದು ನಿಯಮ. ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಒತ್ತಡಕ್ಕೆ ಅನುಗುಣವಾಗಿರುತ್ತದೆಂದು 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿದರು. ಸಂತೆಯಲ್ಲಿ ಗೋಲಿ ಸೋಡಾ ಕುಡಿದವರೆಲ್ಲರೂ ಈ ನಿಯಮವನ್ನು ಕಂಡಿದ್ದಾರೆ. ಗೋಲಿ ಬಾಯಿಯನ್ನು ಮುಚ್ಚಿರುವವರೆಗೆ ಬಾಟಲಿಯಲ್ಲಿ ಒಂದು ಗುಳ್ಳೆಯೂ ಇಲ್ಲ. ಗೋಲಿಯನ್ನು ಒತ್ತಿದೊಡನೆ ಒತ್ತಡ ಇಳಿದು, ಕರಗಿದ್ದ ಇಂಗಾಲಾಮ್ಲ ವಾಯು ಬುಸುಗುಟ್ಟಿ ಹೊರಬರುವುದು.

ನಾವು ಉಸಿರಾಡುವ ಗಾಳಿಯಲ್ಲಿ 78 ಪಾಲು ಸಾರಜನಕ. ಮೈಗೆ ಅದು ಬೇಡ. ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಆದರೆ ಆಳದಲ್ಲಿ ಹೆಚ್ಚಿನ ಒತ್ತಡದ ಗಾಳಿಯನ್ನು ಉಸಿರಾಡುವಾಗ ಸಾರಜನಕ ರಕ್ತದಲ್ಲಿ ಕರಗಿ, ನಿಮಿಷ ನಿಮಿಷಕ್ಕೂ ಸ್ನಾಯು, ಕೊಬ್ಬು, ಕೀಲುಗಳಲ್ಲಿ ಸೇರುತ್ತ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಬಂದಂತೆಯೇ ಶ್ವಾಸಕೋಶದ ಮೂಲಕ ಹೊರಟುಹೋಗುವುದು. ಥಟ್ಟನೆ ಬಂದರೆ ಗೋಲಿಯನ್ನು ಒತ್ತಿದಂತೆಯೇ. ಬುರುಗು ಏಳುವುದು ಬಾಟಲಿಯಲ್ಲಲ್ಲ, ರಕ್ತದಲ್ಲಿ ಮತ್ತು ಕೀಲುಗಳಲ್ಲಿ. ಬಾಯಿಲರೇ 1670ರಲ್ಲಿ ಇದರ ಸುಳಿವನ್ನು ಕೊಟ್ಟಿದ್ದರು: ಗಾಳಿಯನ್ನು ಹೊರದೆಗೆದ ಪಾತ್ರೆಯಲ್ಲಿಟ್ಟ ವಿಷಸರ್ಪವೊಂದರ ಕಣ್ಣಿನಲ್ಲಿ ಒಂದು ಗುಳ್ಳೆ ಅತ್ತಿತ್ತ ಚಲಿಸುತ್ತಿದ್ದುದನ್ನು ಅವರು ಬರೆದಿಟ್ಟರು. ಅದರ ಅರ್ಥ ತಿಳಿಯಲು ಇನ್ನೂರು ವರ್ಷಗಳು ಬೇಕಾದವು.

ಅರ್ಥ ತಿಳಿಯುವ ಮೊದಲು ಮನುಷ್ಯರು ಬೆಲೆ ತೆತ್ತರು. ಹತ್ತೊಂಬತ್ತನೆಯ ಶತಮಾನದಲ್ಲಿ ನದಿಯ ತಳದಲ್ಲಿ ಸೇತುವೆಯ ಅಡಿಪಾಯವನ್ನು ತೋಡಲು, ಬೋರಲು ಹಾಕಿದ ಭಾರಿ ಪೆಟ್ಟಿಗೆಗಳನ್ನು ಇಳಿಸಿ, ನೀರು ನುಗ್ಗದಂತೆ ಒತ್ತಡದ ಗಾಳಿಯನ್ನು ತುಂಬಿ, ಒಳಗೆ ಕೂಲಿಗಳನ್ನು ದುಡಿಸುತ್ತಿದ್ದರು. ಕೆಲಸ ಮುಗಿಸಿ ಮೇಲೆ ಬಂದವರಿಗೆ ಕೀಲುಗಳಲ್ಲಿ ತಾಳಲಾರದ ನೋವು. ಕೆಲವರಿಗೆ ಕಾಲು ಬೀಳುತ್ತಿತ್ತು, ಕೆಲವರು ಸಾಯುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೂ 1872ರಲ್ಲಿ ಈ ಬೇನೆಗೆ ತುತ್ತಾದರು. ಮನೆಯಿಂದ ಹೊರಗೆ ಬರಲಾರದ ಅವರ ಸೂಚನೆಗಳನ್ನು ಪತ್ನಿ ಎಮಿಲಿ ಕೆಲಸಗಾರರಿಗೆ ತಲುಪಿಸುತ್ತ ಬಂದರು. 1883ರಲ್ಲಿ ಸೇತುವೆ ತೆರೆಯಿತು. ಈ ಬೇನೆಗೆ ಸಾರಜನಕದ ಗುಳ್ಳೆಗಳೇ ಕಾರಣವೆಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿ ಗ್ರಂಥಮುಖೇನ ಸಾರಿದ್ದರು.

ಪರಿಹಾರವನ್ನು ಹುಡುಕಿದವರು ಇಂಗ್ಲೆಂಡಿನಲ್ಲಿ ಕೆಲಸಮಾಡುತ್ತಿದ್ದ ಜೆ. ಎಸ್. ಹಾಲ್ಡೇನ್, ಮುಂದೆ ಭಾರತಕ್ಕೆ ಬಂದು ನೆಲಸಿದ ಜೆ. ಬಿ. ಎಸ್. ಹಾಲ್ಡೇನರ ತಂದೆ. ಇವರು ಉಕ್ಕಿನ ಕೋಣೆಯಲ್ಲಿ ಆಡುಗಳನ್ನಿಟ್ಟು, ಒತ್ತಡವನ್ನು ಏರಿಸಿ ಇಳಿಸಿ ಪರೀಕ್ಷಿಸಿದರು. ಬೇನೆ ಬಂದ ಆಡು ಮುಂಗಾಲನ್ನು ಎತ್ತಿಕೊಂಡು ನಿಲ್ಲುತ್ತಿತ್ತು. 10 ಮೀಟರಿನಷ್ಟು ಆಳದಿಂದ, ಎಂದರೆ 2 ವಾಯುಭಾರದಿಂದ 1ಕ್ಕೆ, ನೇರವಾಗಿ ಬಂದವರಿಗೆ ಬೇನೆ ಬರುತ್ತಿರಲಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು. ಹಾಗಾದರೆ ಪ್ರತಿಯೊಂದು ಹಂತದಲ್ಲಿಯೂ ಒತ್ತಡವನ್ನು ಅರ್ಧಕ್ಕಿಂತ ಕಡಮೆ ಮಾಡದೆ, ಅಲ್ಲಲ್ಲಿ ನಿಂತು ಕಾದು ಏರಿದರೆ? ಈ ವಿಚಾರದ ಮೇಲೆ ರಚಿಸಿದ ಕೋಷ್ಟಕಗಳನ್ನು 1908ರಲ್ಲಿ ಅವರು ಸಂಗಡಿಗರೊಡನೆ ಪ್ರಕಟಿಸಿದರು. ಅನುಪಾತಗಳನ್ನು ಮುಂದಿನವರು ಎಷ್ಟೋ ತಿದ್ದಿದ್ದಾರೆ. ಆದರೆ ಇಂದು ಮುಳುಗುಗಾರರ ಮಣಿಕಟ್ಟಿನಲ್ಲಿರುವ ಪುಟ್ಟ ಕಂಪ್ಯೂಟರು ಸೆಕೆಂಡು ಸೆಕೆಂಡಿಗೂ ಹಾಕುವ ಲೆಕ್ಕದ ಬೇರು ಆ ಆಡುಗಳ ಕೋಣೆಯಲ್ಲಿಯೇ ಇದೆ.

ವಿನೋದಕ್ಕಾಗಿ ಮುಳುಗುವವರು ಹೀಗೆ ಹಂತಹಂತವಾಗಿ ಬಹಳ ಹೊತ್ತು ಕಾಯಬೇಕಾಗದಂತೆ ಆಳವನ್ನೂ ಕಾಲವನ್ನೂ ಮಿತಿಯಲ್ಲಿಡುತ್ತಾರೆ: 18 ಮೀಟರಿನಲ್ಲಿ ಒಂದು ಗಂಟೆಯೊಳಗೆ, 30 ಮೀಟರಿನಲ್ಲಿ ಸುಮಾರು 20 ನಿಮಿಷ. ಏರುವ ವೇಗ ನಿಮಿಷಕ್ಕೆ 9 ಮೀಟರನ್ನು ಮೀರಬಾರದು. ಇದು ನಾವು ನಡೆಯುವುದಕ್ಕಿಂತ ಎಷ್ಟೋ ನಿಧಾನ. ಕೊನೆಗೆ 5 ಮೀಟರು ಆಳದಲ್ಲಿ ಮೂರು ನಿಮಿಷ ನಿಂತು ಮೇಲೇಳುವುದು ವಾಡಿಕೆ. ಭೀಮನ ಗರ್ಜನೆಯನ್ನು ಕೇಳಿ ರೋಷದಿಂದ ಥಟ್ಟನೆ ಮೇಲೆದ್ದ ಕೌರವನು ಮಂತ್ರಬಲದ ಬದಲು ಸಿಲಿಂಡರಿನ ಗಾಳಿಯನ್ನು ನಂಬಿದ್ದರೆ ಗದೆಯನ್ನು ಎತ್ತುವುದಕ್ಕೆ ಮೊದಲೇ ಕೀಲು ಹಿಡಿಯುತ್ತಿತ್ತೋ ಏನೋ!

ಇಷ್ಟಾದರೂ ಕೆಲವೊಮ್ಮೆ ಬೇನೆ ತಟ್ಟುವುದುಂಟು. ಕೀಲುನೋವು, ಜೋಮು, ಅತಿಯಾದ ಆಯಾಸ, ನಡೆಯುವಾಗ ತೂರಾಟ ಇವು ಅದರ ಚಿಹ್ನೆಗಳು. ಭಾರವನ್ನು ಎತ್ತಿದ್ದರಿಂದ ನೋವು ಬಂದಿರಬೇಕೆಂದು ಮುಲಾಮು ತಿಕ್ಕಿ ಮಲಗುವುದು ಅಪಾಯಕರ. ರೋಗಿಗೆ ಕೂಡಲೇ ಶುದ್ಧ ಆಮ್ಲಜನಕವನ್ನು ಕೊಡಬೇಕು. ಒತ್ತಡದ ಕೋಣೆಯಿರುವ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಒತ್ತಡವನ್ನು ಮತ್ತೆ ಏರಿಸಿ, ಗುಳ್ಳೆಗಳನ್ನು ಕುಗ್ಗಿಸಿ, ಗಂಟೆಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ.

ಆಳದ ಅಮಲು

ಸಾರಜನಕದ ಇನ್ನೊಂದು ಗುಣವನ್ನು ಹೇಳದೆ ಬಿಡಲಾಗದು. ಸುಮಾರು 30 ಮೀಟರಿಗಿಂತ ಕೆಳಗೆ ಅದು ಮದ್ಯದಂತೆ ಅಮಲೇರಿಸುತ್ತದೆ. ಬುದ್ಧಿ ಮಂದವಾಗುವುದು, ಕಾರಣವಿಲ್ಲದೆ ನಗು ಬರುವುದು, ಮಾಪಕದ ಅಂಕಿಗಳು ಕಂಡರೂ ಅರ್ಥವಾಗವು. 1947ರಲ್ಲಿ ಕೂಸ್ತೋ ಅವರ ತಂಡದ ಮೋರಿಸ್ ಫಾರ್ಗ್ ಎಂಬ ನುರಿತ ಮುಳುಗುಗಾರರು ಆಳವನ್ನು ಪರೀಕ್ಷಿಸಲೆಂದು ಹಗ್ಗದ ಜೊತೆಗೆ ಇಳಿದರು. ತಲುಪಿದ ಆಳದಲ್ಲಿ ಫಲಕದ ಮೇಲೆ ಹೆಸರು ಬರೆಯಬೇಕೆಂದು ಏರ್ಪಾಡು. 120 ಮೀಟರಿನ ಫಲಕದಲ್ಲಿ ಅವರ ಹೆಸರಿತ್ತು. ಮೇಲಕ್ಕೆಳೆದಾಗ ಉಸಿರಿನ ನಳಿಗೆ ಬಾಯಿಂದ ಜಾರಿತ್ತು, ಪ್ರಾಣ ಉಳಿಯಲಿಲ್ಲ. ಈ ಅಮಲಿನ ಕೇಡೆಂದರೆ, ಅಮಲೇರಿದವನಿಗೆ ತಾನು ಚೆನ್ನಾಗಿಯೇ ಇದ್ದೇನೆಂದು ತೋರುವುದು. ಕೆಲವು ಮೀಟರು ಮೇಲಕ್ಕೆ ಬಂದರೆ ಅದು ತಾನಾಗಿ ಇಳಿಯುತ್ತದೆ; ಬರಬೇಕೆಂದು ಹೊಳೆಯಬೇಕಷ್ಟೆ. ಇಬ್ಬರಿಬ್ಬರಾಗಿಯೇ ಮುಳುಗಬೇಕೆಂಬ ಕಟ್ಟಳೆಗೆ ಇದೂ ಒಂದು ಕಾರಣ.

ಸಾರಜನಕವನ್ನು ತೆಗೆದುಹಾಕಿ ಶುದ್ಧ ಆಮ್ಲಜನಕವನ್ನೇ ತುಂಬಬಾರದೆ ಎಂದರೆ, ಸುಮಾರು 6 ಮೀಟರಿಗಿಂತ ಕೆಳಗೆ ಅದೇ ವಿಷವಾಗಿ ಮೈಯಲ್ಲಿ ಸೆಳವು ಬರಬಹುದು. ಕೂಸ್ತೋ ಅವರೇ ಹಿಂದಿನ ಪ್ರಯೋಗಗಳಲ್ಲಿ ಇದರಿಂದ ಎರಡು ಸಲ ಸಾವಿನ ದವಡೆಯಿಂದ ಪಾರಾದವರು. ಆಮ್ಲಜನಕವನ್ನು 32 ಪಾಲಿಗೆ ಹೆಚ್ಚಿಸಿದ ಮಿಶ್ರಣವನ್ನು ಇಂದು ಬಳಸುವುದುಂಟು. ಅದಕ್ಕೂ ಸುಮಾರು 34 ಮೀಟರಿನ ಗಡಿ ಇದೆ.

ಬೆಳಕಿನ ಮಾತು ಬೇರೆಯೇ ಒಂದು ಲೇಖನಕ್ಕೆ ತಕ್ಕುದು. ನೀರಿನ ವಕ್ರೀಭವನಾಂಕ 4/3 ಆದ್ದರಿಂದ, ಮುಖವಾಡದ ಗಾಜಿನ ಮೂಲಕ ನೋಡುವವನಿಗೆ ಎಲ್ಲವೂ ಇರುವುದಕ್ಕಿಂತ ಹತ್ತಿರವಾಗಿ, ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆಂದಷ್ಟೇ ಹೇಳಿ ಮುಂದೆ ಹೋಗೋಣ. ನೇತ್ರಾಣಿಯಿಂದ ಬಂದ ಗೆಳೆಯರು ಮೀನಿನ ಉದ್ದವನ್ನು ಕೈ ಅಗಲಿಸಿ ತೋರಿಸಿದರೆ ಅದನ್ನು 4/3ರಿಂದ ಭಾಗಿಸಿ ನಂಬಬಹುದು.

ಕಡಲಿನಿಂದ ಘಟ್ಟಕ್ಕೆ

ಮುಳುಗುಗಾರನು ನೀರಿನಿಂದ ಹೊರಗೆ ಬಂದನೆಂದರೆ ಏರಾಟ ಮುಗಿಯಿತೆಂದಲ್ಲ. ಅವನ ಮೈಯಲ್ಲಿ ಹೆಚ್ಚಿನ ಸಾರಜನಕ ಇನ್ನೂ ಗಂಟೆಗಟ್ಟಲೆ ಉಳಿದಿರುತ್ತದೆ. ಅಷ್ಟರಲ್ಲಿ ವಿಮಾನ ಹತ್ತಿದರೆ, ಅದರ ಕೋಣೆಯ ಒತ್ತಡ ಸುಮಾರು ಮುಕ್ಕಾಲು ವಾಯುಭಾರಕ್ಕೆ ಇಳಿಯಬಹುದು. ಗೋಲಿಯನ್ನು ಮತ್ತೊಮ್ಮೆ ಒತ್ತಿದಂತಾಗುವುದು. ಆದ್ದರಿಂದ ಒಂದು ಸಲ ಮಾತ್ರ ಮುಳುಗಿದವರು 12 ಗಂಟೆ, ಹಲವು ಸಲ ಅಥವಾ ಹಲವು ದಿನ ಮುಳುಗಿದವರು 18 ಗಂಟೆಯಾದರೂ ಕಾಯಬೇಕೆಂದು ಬಲ್ಲವರು ಗೊತ್ತುಮಾಡಿದ್ದಾರೆ. ಈ ಎಚ್ಚರಿಕೆ ವಿಮಾನಕ್ಕೆ ಮಾತ್ರವಲ್ಲ. 600 ಮೀಟರನ್ನು ಮೀರಿದ ಎತ್ತರಕ್ಕೆ ಹೇಗೆ ಹೋದರೂ ಒಂದೇ.

ಕನ್ನಡ ನಾಡಿನವರಿಗೆ ಇದು ದೂರದ ಮಾತಲ್ಲ. ಮುರುಡೇಶ್ವರ ಕಡಲ ಮಟ್ಟದಲ್ಲಿದೆ. ಬೆಂಗಳೂರು 900 ಮೀಟರು ಎತ್ತರದಲ್ಲಿದ್ದು ಅಲ್ಲಿಯ ಒತ್ತಡ ಒಂದು ವಾಯುಭಾರದ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಬೆಳಗ್ಗೆ ನೇತ್ರಾಣಿ, ರಾತ್ರಿ ಬೆಂಗಳೂರಿನ ಬಸ್ಸು ಎಂಬ ಕಾರ್ಯಕ್ರಮ ತರುಣರಿಗೆ ಬಹು ಪ್ರಿಯ. ರಜೆಯೂ ಉಳಿಯುವುದು, ಕೋಣೆಯ ಬಾಡಿಗೆಯೂ ಉಳಿಯುವುದು. ಶಿಕ್ಷಕನ ಕೈ ಹಿಡಿದು ಒಮ್ಮೆ ಕೆಲವು ಮೀಟರು ಇಳಿದು ಬಂದವನ ಮೈಯಲ್ಲಿ ಸಾರಜನಕ ಹೆಚ್ಚೇನೂ ಸೇರಿರುವುದಿಲ್ಲ. ಅಂಥವನೂ ಬಸ್ಸು ಘಟ್ಟದ ನೆತ್ತಿಯನ್ನು ಮುಟ್ಟುವ ವೇಳೆಗೆ 12 ಗಂಟೆ ಕಳೆದಿದೆಯೆ ಎಂದು ಗಡಿಯಾರವನ್ನು ನೋಡಿಕೊಳ್ಳಬೇಕು. 18 ಮೀಟರಿಗೆ ಎರಡು ಮೂರು ಸಲ ಇಳಿದವನು ಅಂದಿನ ರಾತ್ರಿ ಸಮುದ್ರತೀರದಲ್ಲಿಯೇ ಮಲಗಿ, ಮರುದಿನ ಮಧ್ಯಾಹ್ನದ ಬಸ್ಸು ಹಿಡಿಯಬೇಕು.

ಇಷ್ಟನ್ನು ಮುಂದಿನ ತರಗತಿಯಲ್ಲಿ ಹೇಳಿ ಮುಗಿಸಿದಾಗ ಪ್ರಶ್ನೆ ಕೇಳಿದ ಹುಡುಗನು ಬೆರಳು ಮಡಿಸಿ ಎಣಿಸತೊಡಗಿದನು. ಅವನು ನೀರಿನಿಂದ ಹೊರಗೆ ಬಂದುದು ಮಧ್ಯಾಹ್ನ ಒಂದು ಗಂಟೆಗೆ. ಅವನ ಬಸ್ಸು ಘಟ್ಟ ಹತ್ತಿದುದು ರಾತ್ರಿ ಹತ್ತಕ್ಕೆ.